ಮುನ್ನೂರ ಹನ್ನೆರಡು ಆಡು ಮಾರಲು ಕೂತ ಮೈಕಿನ ಸಾಹೇಬರು

ಮದುವೆ ಮನೆಯಲ್ಲಿ ಮೈಕು ಹಚ್ಚಿದವರೆಲ್ಲ ಮೊದಲು "ಹಲೋ, ಹಲೋ" ಎನ್ನುತ್ತಾರೆ. ಒನ್, ಟೂ, ಥ್ರೀ ಎಂದು ಎಣಿಸುತ್ತಾರೆ. ಇವರು ಹಾಗಲ್ಲ. ಮೈಕನ್ನು ಬಾಯಿಯ ಹತ್ತಿರ ಹಿಡಿದು, ಪಕ್ಕದಲ್ಲಿ ಕೂತವರನ್ನು ಮಾತಾಡಿಸಿದ ಹಾಗೆ ಮೆಲ್ಲಗೆ ಕೇಳುತ್ತಿದ್ದರು: "ಕಡೀ ಸಾಲಿನ್ಯಾಗ ಗ್ವಾಡಿಗೆ ಒರಗಿ ಕುಂತ ಅವ್ವಾರ, ನಿಮಗ ಕೇಳಸ್ತೈತೇನ್ರಿ?" ಹಂದರದಲ್ಲಿದ್ದವರೆಲ್ಲ ತಿರುಗಿ ಗೋಡೆಯ ಕಡೆ ನೋಡುತ್ತಿದ್ದರು. ಅಲ್ಲಿ ಯಾರೋ ಒಬ್ಬ ಮುದುಕಿ ಇದ್ದೇ ಇರುತ್ತಿದ್ದಳು. ಅವಳು ನಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೇಳುತ್ತದೆ ಎಂದು ಕೈ ಎತ್ತುತ್ತಿದ್ದಳು. ಆಮೇಲೆಯೇ ಇವರು ಹಾಡು ಹಚ್ಚುತ್ತಿದ್ದುದು.

ಕುಷ್ಟಗಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಎದುರಿನ ಬಾಡಿಗೆ ಕೋಣೆಯಲ್ಲಿ, ಮೂವತ್ತು ವರ್ಷದ ಮೇಲೆಯೇ ಇದ್ದರು. ದೊಡ್ಡವರು ಮೈಕಿನ ಸಾಹೇಬ್ರು ಎನ್ನುತ್ತಿದ್ದರು, ಮಕ್ಕಳು ಮೈಕ್ ಚಾಚಾ ಎನ್ನುತ್ತಿದ್ದರು. ನಾನು ಅಣ್ಣಾರ ಎನ್ನುತ್ತಿದ್ದೆ. ಅವರಿಗೆ ನಾನು ಅಕ್ಕಾರ. ನಮ್ಮಿಬ್ಬರಲ್ಲಿ ಯಾರು ದೊಡ್ಡವರು ಎಂದು ನಾವು ಯಾವತ್ತೂ ಲೆಕ್ಕ ಹಾಕಿಲ್ಲ. ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಬಿದ್ದು ಬಿದ್ದು ನಕ್ಕರು. "ನನ್ನ ಹೆಸರು ಬರೀಬ್ಯಾಡ್ರಿ ಅಕ್ಕಾರ. ಹಾಡಿದವರ ಹೆಸರು ಎಷ್ಟೋ ಕಡೆ ಬರದಿಲ್ಲ. ವೈರು ಜೋಡಿಸಿದವಂದು ಬರದು ಏನ್ ಮಾಡ್ತೀರಿ?" ಎಂದರು. ಆಗಲಿ, ನಾನು ಕಲಿತದ್ದು ಮೂರನೇ ಇಯತ್ತೆ. ಒಂದು ಶಬ್ದ ಬರೆಯುವುದು ಉಳಿಯಿತು ಎಂದು ನನಗೂ ಸಂತೋಷವೇ.

ಅವರ ಎತ್ತರ ಹೇಳಬೇಕೋ, ಬಣ್ಣ ಹೇಳಬೇಕೋ ನನಗೆ ತಿಳಿಯದು. ಅವರ ಕಿವಿಯನ್ನು ಮಾತ್ರ ಹೇಳಬಲ್ಲೆ. ಯಾರು ಮಾತಾಡಿದರೂ ಮುಖ ನೋಡುತ್ತಿರಲಿಲ್ಲ. ಬಲಗಿವಿಯನ್ನು ಮುಂದೆ ಮಾಡಿ, ಕಣ್ಣನ್ನು ನೆಲಕ್ಕೆ ಹಾಕಿ ನಿಲ್ಲುತ್ತಿದ್ದರು. ಹೊಸಬರಿಗೆ ಇವರು ಸಿಟ್ಟಾಗಿದ್ದಾರೆ ಎನಿಸುತ್ತಿತ್ತು. ಒಮ್ಮೆ ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಲ್ಲಿ ನಿಂತು, "ಅಕ್ಕಾರ, ಇವತ್ತ ಹಿಟ್ಟು ಸ್ವಲ್ಪ ನೀರಾಗೈತಿ, ಬಡಿಯೋ ಸಪ್ಪಳ ಮೆತ್ತಗ ಬರಾಕ ಹತ್ತೈತಿ" ಎಂದಿದ್ದರು. ನಿಜವಾಗಿಯೂ ನೀರಾಗಿತ್ತು! ನಾನು ನಾಚಿಕೆಯಿಂದ, "ನಿಮಗ ರೊಟ್ಟಿ ಬೇಕಾದ್ರ ಸೀದಾ ಕೇಳ್ರಿ, ಹಿಟ್ಟಿಗೆ ಹೆಸರಿಡಬ್ಯಾಡ್ರಿ" ಎಂದು ಎರಡು ಕಟ್ಟಿ ಕೊಟ್ಟೆ.

ಮೊದಲು ಎಲ್ಲರ ಮದುವೆಗೂ ಅವರೇ. ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕನಕಗಿರಿ ಕಡೆಯ ಹುಲಿಹೈದರದವರೆಗೂ ಬಸ್ಸಿನ ಮೇಲೆ ಹಾರ್ನು ಕಟ್ಟಿಕೊಂಡು ಹೋಗುತ್ತಿದ್ದರು. ಆಮೇಲೆ ಎದೆ ನಡುಗಿಸುವ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳು ಬಂದವು, ಇವರ ಹಾರ್ನನ್ನು ಕೇಳುವವರು ಇಲ್ಲವಾದರು. ಅದಕ್ಕೆ ಒಂದು ದಿನವೂ ಅಳಲಿಲ್ಲ. "ಅವರ ಕಾಲ ಬಂತು, ಹಚ್ಚಲಿ" ಎಂದರು. ಹಾರ್ನು, ಆಂಪ್ಲಿಫಯರು ಎಲ್ಲ ಕೊಟ್ಟುಬಿಟ್ಟರು. ಆದರೆ ಕ್ಯಾಸೆಟ್ಟುಗಳನ್ನು ಕೊಡಲಿಲ್ಲ. ಎರಡು ತಗಡಿನ ಪೆಟ್ಟಿಗೆ. ಒಂದರಲ್ಲಿ ಅಂಗಡಿಯಿಂದ ಕೊಂಡವು: ಸಿನಿಮಾದವು, ನಾಟಕದವು, ತತ್ವಪದದವು, ಕವ್ವಾಲಿಯವು. ಇನ್ನೊಂದರ ಮೇಲೆ ಬಿಳಿ ಬಣ್ಣದಲ್ಲಿ "ಖಾಲಿ" ಎಂದು ಬರೆದಿತ್ತು. ಅದರಲ್ಲಿ ಖಾಲಿ ಕ್ಯಾಸೆಟ್ಟಿವೆ ಎಂದು ನಾವೆಲ್ಲ ತಿಳಿದಿದ್ದೆವು, ಯಾರೂ ಕೇಳಲಿಲ್ಲ.

ಹೋದ ವರ್ಷ ಗಂಗಾವತಿಯಿಂದ ಅವರ ಮಗಳು ಬಂದಳು. ಅಲ್ಲಿ ಅವಳದು ಹೊಲಿಗೆ ಅಂಗಡಿ. ಅಪ್ಪನಿಗಾಗಿ ಮಾಳಿಗೆಯ ಮೇಲೆ ಒಂದು ಕೋಣೆ ಹಾಕಿಸಿದ್ದಳು. "ಅಬ್ಬಾ, ಇನ್ನ ನಾಲ್ಕು ತಿಂಗಳಿಗೆ ಈ ಕೋಣಿ ಬಿಡ್ತೀವಂತ ಮಾಲಕರಿಗೆ ಹೇಳಿಬಿಟ್ಟೀನಿ. ನೀವು ಬರಬೇಕು. ಆದ್ರ ಆ ಪೆಟ್ಟಿಗಿ ಬರಾಂಗಿಲ್ಲ. ನನ್ನ ಮನಿಯಾಗ ಬಟ್ಟಿ ಇಡಾಕ ಜಾಗ ಇಲ್ಲ" ಎಂದಳು. ಅದೇ ವಾರ ಗುಜರಿಯವನೂ ಬಂದ. ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ ನೋಡಿ, "ಎಲ್ಲಾ ಕೂಡಿಸಿ ತೂಕಕ್ಕ ಹಾಕ್ರಿ ಚಾಚಾ, ಪ್ಲಾಸ್ಟಿಕ್ಕಿನ ರೇಟು ಕೊಡ್ತೀನಿ" ಎಂದ.

ಅವತ್ತು ಮಾತ್ರ ಅವರ ಮುಖ ಸಣ್ಣದಾಯಿತು. ನಮ್ಮ ಕಟ್ಟೆಗೆ ಬಂದು ಕೂತು ಹೇಳಿದರು: "ಮಗಳ ಮನಿಗೆ ಹೋಗ್ತೀನಿ ಅಕ್ಕಾರ, ಖುಷೀಲೇ ಹೋಗ್ತೀನಿ. ಆದ್ರ ಒಂದೊಂದು ಹಾಡೂ ಒಂದೊಂದು ಮನಿ ಸೇರಬೇಕು. ಒಂದ ಒಂದು ಗುಜರಿಗೆ ಬಿದ್ರೂ ನಾ ಇಲ್ಲಿಂದ ಏಳಾಂಗಿಲ್ಲ. ಮಾಲಕರು ಕೋಣಿ ಬೀಗ ಹಾಕಿದ್ರ ನಿಮ್ಮ ಕಟ್ಟಿ ಮ್ಯಾಲ ಇರ್ತೀನಿ."

"ನಮ್ಮ ಕಟ್ಟಿ ಬಾಡಿಗಿ ಭಾಳ ಐತ್ರಿ" ಎಂದೆ. ಆಮೇಲೆ, "ನನ್ನ ಫೋನಿನ್ಯಾಗ ಮಾರೋಣ ಬರ್ರಿ" ಎಂದೆ.

ಇದನ್ನು ಹೇಳುವಾಗ ನನಗೆ ಎಷ್ಟು ಠೇಂಕಾರ! ನನ್ನ ಮಗಳು ಮುನಿರಾಬಾದಿನ ಡ್ಯಾಮಿನ ಕಾಲನಿಯಲ್ಲಿ ಇರುತ್ತಾಳೆ. ಅವಳ ಜೊತೆ ಮಾತಾಡಲು ಫೋನು ಕಲಿತಿದ್ದೆ. ಅಕ್ಷರ ಒತ್ತುವುದು ನನಗೆ ಆಗದು. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ. ಹಳೆಯ ಸಾಮಾನು ಮಾರುವ ಒಂದು ಪುಟವನ್ನು ಮಗಳೇ ದೂರದಿಂದ ತೆರೆದುಕೊಟ್ಟಿದ್ದಳು. ಅದರಲ್ಲಿ ನಾನು ಆಗಲೇ ಒಂದು ಹಳೆಯ ಮಿಕ್ಸರ್ ಮಾರಿದ್ದೆ. ಹಾಗಾಗಿ ನಾನು ಅನುಭವಸ್ಥೆ.

ಸಾಹೇಬರು ಹೇಳುತ್ತಾ ಹೋದರು, ನಾನು ಫೋನಿಗೆ ಹೇಳುತ್ತಾ ಹೋದೆ. ಮೊದಲನೆಯ ಶಬ್ದಕ್ಕೇ ಜಗಳ. ಬಳಸಿದ ಕ್ಯಾಸೆಟ್ ಎಂದು ನಾನು ಅಂದದ್ದು ಅವರಿಗೆ ಸೇರಲಿಲ್ಲ.

"ಬಳಸೋದಂದ್ರ ಏನ್ರಿ? ಸಾಬೂನು ಬಳಸ್ತಾರ, ಸವೀತೈತಿ. ಹಾಡು ಕೇಳಿದ್ರ ಸವೀತೈತೇನು? ಮತ್ತ ಕ್ಯಾಸೆಟ್ ಅನ್ನಬ್ಯಾಡ್ರಿ. ಕ್ಯಾಸೆಟ್ ಅಂದ್ರ ಡಬ್ಬಿ. ನಾ ಡಬ್ಬಿ ಮಾರಾಕ ಕುಂತಿಲ್ಲ, ಹಾಡು ಮಾರಾಕ ಕುಂತೀನಿ. ಹಾಡು ಅಂತ ಹಾಕ್ರಿ."

ಹಾಗೆಯೇ ಹಾಕಿದೆ. ಅವರು ಹೇಳಿದ್ದು ಇಷ್ಟು: "ಹಳೇ ಹಾಡು ಮಾರಾಟಕ್ಕ ಅದಾವ. ಒಟ್ಟು ಮುನ್ನೂರಾ ಹನ್ನೆರಡು. ಹೆಣ್ಣು ದನಿ, ಗಂಡು ದನಿ ಎರಡೂ ಅದಾವ. ಎಲ್ಲಾ ನಾನ ಜ್ವಾಕಿ ಮಾಡಿದ್ದು. ಒಂದೆರಡು ಸ್ವಲ್ಪ ಕುಂಟ್ತಾವ. ಪೋಸ್ಟಿನ್ಯಾಗ ಕಳಸ್ತೀವಿ." ಜೋಪಾನ ಮಾಡುವುದಕ್ಕೆ ಅವರು ಜ್ವಾಕಿ ಎನ್ನುತ್ತಿದ್ದರು, ಟೇಪು ನಡುವೆ ತಡವರಿಸಿದರೆ ಕುಂಟುತ್ತದೆ ಎನ್ನುತ್ತಿದ್ದರು. ಚಿತ್ರ ಬೇಕು ಎಂದೆ. ಕ್ಯಾಸೆಟ್ಟನ್ನು ಬಿಸಿಲಿಗೆ ತರಲು ಒಪ್ಪಲಿಲ್ಲ. ಮುಚ್ಚಿದ ಪೆಟ್ಟಿಗೆಯ ಚಿತ್ರವನ್ನೇ ತೆಗೆದು ಹಾಕಿದೆ.

ಒಂದು ತಾಸಿನೊಳಗೆ ಫೋನು ಬಂತು. ನಮ್ಮಿಬ್ಬರಿಗೂ ಹಿಗ್ಗೋ ಹಿಗ್ಗು. ದನಿ ಹೊರಗೆ ಬರುವ ಹಾಗೆ ಮಾಡಿ ಅವರ ಕಿವಿಗೆ ಹಿಡಿದೆ.

"ನಮಸ್ಕಾರ್ರಿ. ಮಾರೋರು ನೀವ ಏನ್ರಿ? ಎಷ್ಟು ವರ್ಷದವು ಅದಾವ?"

"ಭಾಳ ಹಳೇವ್ರಿ. ನಲವತ್ತು ವರ್ಷದ್ದೂ ಅದಾವ."

"ನಲವತ್ತು ವರ್ಷದ್ದು ಇನ್ನೂ ಜೀವಂತ ಐತ್ರೀ?"

"ಜೀವಂತ ಅಂದ್ರ? ಒಮ್ಮಿ ದನಿ ಕೇಳ್ರಿ. ನಿನ್ನಿ ಹುಟ್ಟಿದ್ಹಂಗ ಐತಿ."

"ಮೇವು ಏನ್ ಹಾಕ್ತೀರ್ರಿ?"

ಗಿರಾಕಿ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಸಾಹೇಬರೂ ನಕ್ಕರು. "ಏನೂ ಹಾಕಾಂಗಿಲ್ರಿ. ತಿಂಗಳಿಗೊಮ್ಮಿ ಮೆತ್ತನ್ನ ಬಟ್ಟಿಲೇ ಒರಸ್ತೀನಿ, ಪೆಟ್ಟಿಗ್ಯಾಗ ಹಾಕಿ ಮುಚ್ಚಿಡ್ತೀನಿ. ಒಂದು ಪೆಟ್ಟಿಗ್ಯಾಗ ಮುನ್ನೂರರ ಮ್ಯಾಲ ಹಿಡೀತಾವ."

"ಪೆಟ್ಟಿಗ್ಯಾಗ! ಯಪ್ಪಾ, ನಿಮಗ ದೇವರು ಛಲೋ ಮಾಡಲಿ" ಎಂದು ಆತ ಫೋನು ಇಟ್ಟೇಬಿಟ್ಟ.

ಸಂಜೆಯೊಳಗೆ ಒಂಬತ್ತು ಫೋನು. ಒಬ್ಬ ಹೋತ ಇದೆಯೇ ಎಂದ. ಇನ್ನೊಬ್ಬ, "ಪೋಸ್ಟಿನ್ಯಾಗ ಹೆಂಗ ಕಳಸ್ತೀರಿ, ಕಾಲು ಕಟ್ಟಿ ಕಳಸ್ತೀರೇನು?" ಎಂದ. ಆಗಲೂ ನಮಗೆ ತಿಳಿಯಲಿಲ್ಲ ನೋಡಿ! ಮರುದಿನ ಬೆಳಿಗ್ಗೆ ಯಲಬುರ್ಗಾ ಕಡೆಯಿಂದ, ಫೋನಿನಲ್ಲೇ ವಿಳಾಸ ಕೇಳಿಕೊಂಡಿದ್ದ ಒಬ್ಬಾತ ಸಣ್ಣ ಟೆಂಪೋ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹಗ್ಗ. ಟೆಂಪೋದ ಮೇಲೆ ಬಲೆ.

"ಆಡು ಎಲ್ಲಿ ಅದಾವ?" ಎಂದ.

"ಇಲ್ಲೇ ಒಳಗ, ಪೆಟ್ಟಿಗ್ಯಾಗ" ಎಂದರು ಸಾಹೇಬರು.

ಆತ ನಮ್ಮಿಬ್ಬರನ್ನೂ ನೋಡಿದ. ಫೋನು ತೆಗೆದು ತೋರಿಸಿದ. ಕನ್ನಡಕ ಹಾಕಿಕೊಂಡು ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಹಳೇ ಆಡು ಮಾರಾಟಕ್ಕಿವೆ. ಹೆಣ್ಣು ದನ, ಗಂಡು ದನ ಎರಡೂ ಇವೆ. ಒಂದೆರಡು ಕುಂಟುತ್ತವೆ. ಅಯ್ಯೋ ದೇವರೇ! ನನ್ನ ಮುಂದಿನ ಎರಡು ಹಲ್ಲು ತೆಗೆಸಿದ್ದೆ. ಹಕಾರ ಹೇಳಿದರೆ ಬರೀ ಗಾಳಿ ಹೋಗುತ್ತದೆ, ದನಿ ಎಂದರೆ ಕೊನೆಯದು ನುಂಗಿಹೋಗುತ್ತದೆ. ಫೋನು ಪಾಪ, ತನಗೆ ಕೇಳಿಸಿದ್ದನ್ನು ಬರೆದುಕೊಂಡಿದೆ.

"ಹಾಡಿಗೂ ಆಡಿಗೂ ಫರಕ್ ಗೊತ್ತಾಗಾಂಗಿಲ್ಲೇನ್ರಿ ನಿಮಗ? ನಾ ಬೆಳಗ್ಗೆದ್ದು ಡೀಸೆಲ್ ಸುಟಗೊಂಡು ಬಂದೀನಿ!" ಎಂದು ಆತ ಕೂಗಾಡಿದ.

"ನನಗ ಗೊತ್ತೈತಪಾ, ಈ ಫೋನಿಗೆ ಗೊತ್ತಿಲ್ಲ" ಎಂದರು ಸಾಹೇಬರು.

"ಫೋನಿಂದಲ್ಲ ತಪ್ಪು, ನನ್ನ ಹಲ್ಲಿಂದು" ಎಂದು ನಾನು ಬಾಯಿ ತೆರೆದು ತೋರಿಸಿದೆ. ಆತನಿಗೆ ನಗು ತಡೆಯಲಾಗಲಿಲ್ಲ. ನಗುವವನನ್ನು ಬಾಗಿಲಲ್ಲಿ ನಿಲ್ಲಿಸುವುದು ಹೇಗೆ? ಒಳಗೆ ಕರೆದು ಮಂಡಾಳು, ಅದೇ ಮಂಡಕ್ಕಿ, ಒಗ್ಗರಣೆ ಮಾಡಿ, ಮಿರ್ಚಿ ಕರಿದು ಕೊಟ್ಟೆ. ತಿನ್ನುತ್ತಾ ಆತ ಸಾಹೇಬರನ್ನು ದಿಟ್ಟಿಸಿ, "ನೀವು ನಮ್ಮೂರಿಗೆ ಬಂದಿದ್ರಿ. ನಮ್ಮ ಅಕ್ಕನ ಮದುವ್ಯಾಗ ಬೇವಿನ ಗಿಡಕ್ಕ ಹಾರ್ನ್ ಕಟ್ಟಿದ್ರಿ" ಎಂದ. ಊರ ಹೆಸರು ಹೇಳಿದ.

ಸಾಹೇಬರು ಎದ್ದರು. ಎದುರಿನ ಕೋಣೆಗೆ ಹೋಗಿ "ಖಾಲಿ" ಎಂದು ಬರೆದ ಪೆಟ್ಟಿಗೆಯಿಂದ ಒಂದು ಕ್ಯಾಸೆಟ್ಟು ತಂದರು. ಪೆನ್ಸಿಲ್ ಹಾಕಿ ತಿರುವಿ, ತಮ್ಮ ಹಳೆಯ ಟೇಪಿಗೆ ಹಾಕಿದರು. ಮೊದಲು ಜನರ ಗದ್ದಲ, ಕೋಳಿ, ಯಾರೋ ನೀರು ಕೇಳಿದ್ದು. ಆಮೇಲೆ ಹೆಂಗಸರು ಸೋಬಾನ ಹಾಡಿದರು. ನಡುವೆ ಒಬ್ಬಳಿಗೆ ಮುಂದಿನ ಸಾಲು ಮರೆತುಹೋಯಿತು. ಅವಳು ಹಾಡುವುದನ್ನು ಬಿಟ್ಟು ನಗತೊಡಗಿದಳು. ಎಲ್ಲರೂ ಬೈದರೂ ನಗು ನಿಲ್ಲಲಿಲ್ಲ.

ಆ ಮನುಷ್ಯ ತಟ್ಟೆಯನ್ನು ಕೆಳಗಿಟ್ಟ. "ಇದು ನಮ್ಮವ್ವ" ಎಂದ. "ಹಿಂಗ ನಗ್ತಿದ್ಲು. ಇದು ನಮ್ಮವ್ವ ನಗೋದ್ರಿ." ಮೂರು ಸಲ ಹಾಕಿಸಿಕೊಂಡು ಕೇಳಿದ. ಕೊನೆಗೆ ಕಂಬಳಿಯಿಂದ ಮುಖ ಒರೆಸಿಕೊಂಡು, "ಎಷ್ಟಾದ್ರೂ ಕೊಡ್ತೀನಿ, ಈಗ ಕೊಡ್ರಿ" ಎಂದ. ಅವನ ಟೆಂಪೋದಲ್ಲಿ ಕ್ಯಾಸೆಟ್ಟು ಹಾಕುವ ಸಂದು ಇತ್ತು.

ಕೊಡಬೇಕಲ್ಲ? ಕೊಡಲಿಲ್ಲ! "ಇದರ ಜ್ವಾಕಿ ಇನ್ನೂ ಆಗಿಲ್ಲಪಾ. ಪೂರಾ ಕೇಳಬೇಕು, ಒರಸಬೇಕು, ಎಲ್ಲಿ ಕುಂಟ್ತೈತಿ ಅಂತ ಚೀಟಿ ಬರೀಬೇಕು. ಪೋಸ್ಟಿನ್ಯಾಗ ಬರ್ತೈತಿ, ಹೋಗು" ಎಂದು ವಿಳಾಸ ಬರೆಸಿಕೊಂಡು ಕಳಿಸಿದರು. ಆತ ಹಗ್ಗ ಸುತ್ತಿಕೊಂಡು ಹೋದ.

ಅವರು ಆ ಪೆಟ್ಟಿಗೆಯ ಮೇಲೆ ಖಾಲಿ ಎಂದು ಬರೆದದ್ದು, ಯಾರೂ ಎರವಲು ಕೇಳಬಾರದು ಎಂದು. ಮದುವೆ, ತೊಟ್ಟಿಲು, ಭಜನೆ, ಎಲ್ಲಿಗೆ ಹೋದರೂ ಖಾಲಿ ಕ್ಯಾಸೆಟ್ಟು ಹಾಕಿ ಜನ ಹಾಡಿದ್ದನ್ನು ಹಿಡಿದು ತಂದಿದ್ದರು. "ಇವನ್ನ ಯಾರು ತಗೋತಾರ ಅಕ್ಕಾರ, ಹೆಸರಿಲ್ಲದವರು ಹಾಡಿದ್ದು" ಎಂದು ಮಾರಾಟದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಡಿನ ಮನುಷ್ಯ ಊರಿಗೆ ಹೋಗಿ ಹೇಳಿದನೋ ಹೇಳಿದ. "ನಮ್ಮೂರ ಮದುವೀದು ಐತೇನ್ರಿ?" "ನಮ್ಮ ಕಾಕಾನ ಭಜನಿ ಐತೇನ್ರಿ?" ದಿನಾ ಫೋನು. ಒಂದು ತುಣುಕನ್ನು ಫೋನಿನಲ್ಲಿ ಹಿಡಿದು ನಾನು ಕಳಿಸುತ್ತಿದ್ದೆ. ಗುರುತು ಹತ್ತಿತು ಎಂದರೆ ಆ ಕಡೆ ಮನೆಮಂದಿಯೆಲ್ಲ ಕೂಗಾಡುವುದು ಕೇಳುತ್ತಿತ್ತು. ಮಗಳು ಮುನಿರಾಬಾದಿನಿಂದಲೇ ನಮ್ಮ ಜಾಹೀರಾತು ತಿದ್ದಿದಳು. ಆಡು ಹೋಗಿ ಹಾಡು ಬಂದಿತು. ಧಾರವಾಡ, ಬಳ್ಳಾರಿ, ಹೈದರಾಬಾದಿನಿಂದ ಹಳೆಯ ಹಾಡು ಕೂಡಿಡುವವರು ಮೊದಲ ಪೆಟ್ಟಿಗೆಯವನ್ನು ಹತ್ತು ಹತ್ತು, ಇಪ್ಪತ್ತು ಇಪ್ಪತ್ತು ಕೊಂಡರು.

ಆದರೆ ಹಳ್ಳಿಯವರು ಕೊಳ್ಳುವುದು ಒಂದೊಂದೇ. ಹಾಡಿನ ಬೆಲೆಗಿಂತ ಕಳಿಸುವ ಖರ್ಚೇ ಹೆಚ್ಚಾದರೆ ಯಾರು ತರಿಸುತ್ತಾರೆ? ಪೋಸ್ಟಿನಲ್ಲಿ ಇಂತಿಷ್ಟು ತೂಕದವರೆಗೆ ಒಂದು ದರ. ಕೂದಲಷ್ಟು ದಾಟಿದರೆ ಮುಂದಿನ ದರ. ಸಾಹೇಬರು ಅದನ್ನು "ಗೆರಿ" ಎನ್ನುತ್ತಿದ್ದರು. ಗೆರೆ ದಾಟಬಾರದು ಎಂದು ಅವರು ಪಟ್ಟ ಪಾಡು! ಗಟ್ಟಿ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದುಬಿಟ್ಟರು, ಬರೀ ಕ್ಯಾಸೆಟ್ಟು. ತಮ್ಮ ಮಗಳ ಅಂಗಡಿಯಿಂದ ತಂದ ತುಂಡು ಬಟ್ಟೆಯಲ್ಲಿ ಚೀಲ ಹೊಲಿದರು. ಕ್ಯಾಸೆಟ್ಟು ಒಡೆಯದಂತೆ ಸುತ್ತಲೂ ಏನು ತುಂಬುವುದು? ಹತ್ತಿ ತುಂಬಿದರು, ತೂಕ ಬಂತು. ಕಾಗದ ತುರುಕಿದರು, ತೂಕ ಬಂತು. ಒಂದು ದಿನ ನಮ್ಮ ಮನೆಯಲ್ಲಿ ಮಂಡಾಳು ತಿನ್ನುತ್ತಾ ಅಂಗೈಯಲ್ಲಿ ಒಂದು ಹಿಡಿ ಹಿಡಿದು ಹಾರಿಸಿ ನೋಡಿದರು. "ಅಕ್ಕಾರ! ಇದಕ್ಕಿಂತ ಹಗೂರ ಏನೈತಿ?"

ಅಂದಿನಿಂದ ಎಲ್ಲ ಹಾಡೂ ಮಂಡಾಳಿನಲ್ಲಿ ಮಲಗಿ ಹೋದವು. ಕ್ಯಾಸೆಟ್ಟಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಅದರ ಸುತ್ತ ಮಂಡಾಳು, ಅದರ ಮೇಲೆ ಬಟ್ಟೆ. ಚೀಟಿ ಅವರೇ ಬರೆಯುತ್ತಿದ್ದರು. "ಎರಡನೇ ಹಾಡಿನಾಗ ನಾಯಿ ಬೊಗಳ್ತೈತಿ. ನಿಮ್ಮ ಮನೀದಲ್ಲ, ಎದ್ದು ಹೋಗಬ್ಯಾಡ್ರಿ." "ಕಡೀಗೆ ಕರೆಂಟ್ ಹೋಗೈತಿ, ಹಾಡು ಅರ್ಧಕ್ಕ ನಿಂತೈತಿ, ಉಳಿದದ್ದು ನೀವ ಹಾಡಿಕೋರಿ."

ಒಮ್ಮೆ ಪೋಸ್ಟಿನಲ್ಲಿ ಅವರ ಹಿಂದೆ ನಾನೂ ನಿಂತಿದ್ದೆ. ಕಿಟಕಿಯಲ್ಲಿದ್ದ ಮೇಡಂ ತಕ್ಕಡಿ ನೋಡಿ, "ಚಾಚಾ, ಎರಡು ಗ್ರಾಂ ಹೆಚ್ಚಿಗಿ ಆತು. ಮುಂದಿನ ದರ ಬೀಳ್ತೈತಿ" ಎಂದರು.

"ಒಂದು ನಿಮಿಷ ತಡೀರಿ, ಬೇಟೀ" ಎಂದು ಸಾಹೇಬರು ಅಲ್ಲೇ ಹೊಲಿಗೆ ಬಿಚ್ಚಿ, ಒಂದು ಹಿಡಿ ಮಂಡಾಳು ತೆಗೆದು ಬಾಯಿಗೆ ಹಾಕಿಕೊಂಡರು. ಹೊಲಿಯದೆ ಹಾಗೇ ತಕ್ಕಡಿಗೆ ಇಟ್ಟರು.

"ಇನ್ನೂ ಒಂದು ಗ್ರಾಂ."

"ಅಕ್ಕಾರ, ನೀವೂ ತಗೋರಿ." ನಾನೂ ತಿಂದೆ. ಸಾಲಿನಲ್ಲಿ ನಿಂತವರೂ ಕೈ ಚಾಚಿದರು. "ಸಾಕ್ ಸಾಕ್ರೀ, ಗೆರಿ ಒಳಗ ಬಂತು! ಎಲ್ಲಾ ತಿಂದ್ರ ಹಾಡು ಒಡದುಹೋಗ್ತೈತಿ" ಎಂದು ಮೇಡಮ್ಮೇ ತಡೆದರು. ಸೂಜಿ ದಾರ ಸಾಹೇಬರ ಟೊಪ್ಪಿಗೆಯಲ್ಲೇ ಚುಚ್ಚಿರುತ್ತಿತ್ತು. ಅಲ್ಲೇ ಹೊಲಿದು ಕೊಟ್ಟರು.

ಒಂದು ಅನಾಹುತವೂ ಆಯಿತು, ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. ಒಂದು ದಿನ ಒಣ ಮಂಡಾಳಿನ ಬುಟ್ಟಿಯ ಪಕ್ಕದಲ್ಲಿ ನಾನು ಒಗ್ಗರಣೆ ಹಾಕಿದ್ದನ್ನು ಇಟ್ಟಿದ್ದೆ. ಮಾತಿನ ಭರದಲ್ಲಿ ಅವರು ಅದನ್ನೇ ತುಂಬಿ ಧಾರವಾಡಕ್ಕೆ ಕಳಿಸಿಬಿಟ್ಟರು. ಹೆದರಿ ಕೂತಿದ್ದೆವು. ಅಲ್ಲಿಯ ಮಾಸ್ತರರು ಫೋನು ಮಾಡಿ, "ಪ್ಲಾಸ್ಟಿಕ್ ಇದ್ದದ್ದಕ್ಕ ಹಾಡಿಗೆ ಏನೂ ಆಗಿಲ್ರಿ. ಇರುವಿಗೋಳು ನನಕಿಂತ ಮೊದಲ ಬಂದು ಕೂತಿದ್ದುವು. ಒಗ್ಗರಣ್ಯಾಗ ಉಪ್ಪು ಸ್ವಲ್ಪ ಕಡಿಮಿ ಆಗೇದ" ಎಂದರು. ಇನ್ನೂ ಐದು ಹಾಡು ಬೇಕು ಎಂದೂ ಹೇಳಿದರು. ಉಪ್ಪಿನ ಮಾತು ಮಾತ್ರ ನನಗೆ ಸೇರಲಿಲ್ಲ.

ಈ ಎಲ್ಲದರ ನಡುವೆ ನನ್ನ ಮಗಳು ಹೆರಿಗೆಗೆ ಬಂದಳು. ಮದುವೆಯಾಗಿ ಒಂಬತ್ತು ವರ್ಷ ಆಗಿತ್ತು. ಒಂಬತ್ತು ವರ್ಷ ನಾನು ಯಾರ ಕೂಸನ್ನು ಎತ್ತಿಕೊಂಡರೂ ಬೇಗ ಕೆಳಗಿಳಿಸುತ್ತಿರಲಿಲ್ಲ. ಹೆಣ್ಣುಕೂಸು ಹುಟ್ಟಿತು! ನನ್ನ ಮೊಮ್ಮಗಳು! ಅವಳ ಅಂಗೈ ಅವರೆಕಾಳಿನಷ್ಟು ಎಂದರೆ ಯಾರೂ ನಂಬುವುದಿಲ್ಲ, ನಾನೂ ಸ್ವಲ್ಪ ಹೆಚ್ಚಿಗೆಯೇ ಹೇಳುತ್ತಿದ್ದೇನೆ, ಆದರೂ ಅಷ್ಟೇ. ಅತ್ತರೆ ಓಣಿಗೆಲ್ಲ ಕೇಳುತ್ತಿತ್ತು. ಸಾಹೇಬರು ಎದುರು ಮನೆಯಿಂದಲೇ ಬಲಗಿವಿ ಮುಂದೆ ಮಾಡಿ ಕೇಳಿ, "ಹಸಿವಿ ಅಲ್ಲ ಅಕ್ಕಾರ, ಬಟ್ಟಿ ಹಸಿ ಆಗೈತಿ" ಎನ್ನುತ್ತಿದ್ದರು. ಹೋಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಮಗಳು, "ಅವ್ವಾ, ಚಾಚಾರನ್ನ ಬಾಣಂತನಕ್ಕ ಇಟಗೊಳ್ಳೋಣ" ಎಂದು ನಗುತ್ತಿದ್ದಳು.

ನಾಲ್ಕು ತಿಂಗಳು ಮುಗಿಯುತ್ತಾ ಬಂತು. ಒಂದು ಪೆಟ್ಟಿಗೆ ಬರಿದಾಯಿತು. ಖಾಲಿ ಎಂದು ಬರೆದದ್ದೂ ನಿಜವಾಗಿ ಖಾಲಿಯಾಗುತ್ತಾ ಬಂತು. ಕೊನೆಗೆ ಒಂದೇ ಒಂದು ಉಳಿಯಿತು. ಅದರ ಮೇಲೆ ಊರೂ ಇಲ್ಲ, ಹೆಸರೂ ಇಲ್ಲ. ಚೀಟಿ ಉದುರಿಹೋಗಿತ್ತು. ಯಾರೋ ಒಬ್ಬ ಹೆಂಗಸು ಜೋಗುಳ ಹಾಡುತ್ತಾಳೆ, ಅವಳ ಕೂಸು ಅಳುತ್ತದೆ. ಅಷ್ಟೇ. ಎಲ್ಲಿ ಹಿಡಿದದ್ದು ಎಂದು ಸಾಹೇಬರಿಗೇ ನೆನಪಿಲ್ಲ. ತುಣುಕನ್ನು ನಾನು ಎಲ್ಲ ಹಳ್ಳಿಗೂ ಕಳಿಸಿದೆ. ಯಾರೂ ನಮ್ಮದು ಎನ್ನಲಿಲ್ಲ.

ಗಂಗಾವತಿಯಿಂದ ಅವರ ಮಗಳು ಗಾಡಿ ತಂದಳು. ಹಾಸಿಗೆ ಕಟ್ಟಿದಳು, ಪಾತ್ರೆ ಏರಿಸಿದಳು. ಸಾಹೇಬರು ಮಾತ್ರ ಆ ಕ್ಯಾಸೆಟ್ಟು ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತರು.

"ಅಬ್ಬಾ, ಏಳ್ರಿ. ಒಂದು ಡಬ್ಬಿ ಸಲುವಾಗಿ ಗಾಡಿ ಬಾಡಿಗಿ ಏರಾಕ ಹತ್ತೈತಿ. ಇದೊಂದನ್ನ ಬೇಕಾದ್ರ ತಗೊಂಡು ಬರ್ರಿ."

"ನಂದಲ್ಲ ಬೇಟೀ ಇದು. ನನ್ನ ಹತ್ರ ಇದ್ರ ಇದು ಪೆಟ್ಟಿಗ್ಯಾಗ ಇದ್ದಂಗ. ಕೇಳೋ ಮನಿ ಸಿಗಬೇಕು ಅಂದಿದ್ದೆ, ಸಿಗೋತನಕ ಏಳಾಂಗಿಲ್ಲ."

"ನಾ ತಗೋತೀನಿ, ಕೊಡ್ರಿ" ಎಂದೆ.

"ನನ್ನ ಮ್ಯಾಲಿನ ಮರುಕಕ್ಕ ತಗೋತೀರಿ. ಬ್ಯಾಡ" ಎಂದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರ ದನಿ ಒಡೆದದ್ದನ್ನು ಕೇಳಿದೆ.

ನನಗೂ ಸಿಟ್ಟು ಬಂತು. "ಟೇಪು ಇಳಸ್ರಿ ಗಾಡಿಯಿಂದ. ಹಚ್ರಿ. ಕೇಳದ ತಗೊಳ್ಳಾಕ ನಾ ಏನ್ ಗುಜರಿಯಾಕಿ ಅಲ್ಲ" ಎಂದೆ.

ಹಚ್ಚಿದರು. ಕಟ್ಟೆಯ ಮೇಲೆ ನಾವು ಮೂವರೂ ಕೂತು ಕೇಳಿದೆವು. ಪೂರಾ ಕೇಳಿದೆವು. ಮುಗಿದ ಮೇಲೆ ಅವರು ಪರೀಕ್ಷೆಯ ಮಾಸ್ತರರ ಹಾಗೆ, "ಏನ್ ಕೇಳಿಸಿತು?" ಎಂದರು.

"ಆಕಿಗೆ ಮೊದಲನೇ ಕೂಸು" ಎಂದೆ. "ಹಾಡು ಪೂರಾ ಬರಾಂಗಿಲ್ಲ ಆಕಿಗೆ. ಎರಡು ಸಾಲು ಬರ್ತಾವ, ಅವನ್ನ ತಿರಗಿ ತಿರಗಿ ಅಂತಾಳ. ಕೂಸಿನ ದನಿ ಏರಿದಾಗ ತಾನೂ ಏರಸ್ತಾಳ, ಅದಕ್ಕ ಅದು ಮಲಗವಲ್ದು. ನಡುವ ಆಕಿನ ತೂಕಡಿಸ್ತಾಳ. ಕಡೀಗೆ ಸುಮ್ಮನಾದದ್ದು ಕೂಸಲ್ಲ, ಅವ್ವ. ಆಕಿ ಮಲಗಿಬಿಟ್ಟಾಳ. ನಮ್ಮ ಮನ್ಯಾಗ ದಿನಾ ಇದ ನಡದೈತಿ. ನನ್ನ ಮಗಳಿಗೂ ಎರಡ ಸಾಲು ಬರ್ತಾವ."

ಸಾಹೇಬರು ಬಲಗಿವಿ ಮುಂದೆ ಮಾಡಿ ನನ್ನ ಮಾತನ್ನು ಪೂರಾ ಕೇಳಿದರು. ಆಮೇಲೆ ಎದ್ದು, ಧೋತರ ಝಾಡಿಸಿಕೊಂಡು, "ಬೇಟೀ, ಗಾಡಿ ಚಾಲೂ ಮಾಡ್ಸು" ಎಂದರು. ನಾನು ಕೈ ಚಾಚಿದೆ. ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡರು!

"ಜ್ವಾಕಿ ಆಗಿಲ್ಲ ಅಕ್ಕಾರ. ಪೋಸ್ಟಿನ್ಯಾಗ ಬರ್ತೈತಿ."

ನಾಲ್ಕನೇ ದಿನ ಬಂತು. ಅದಕ್ಕೆ ಗಂಗಾವತಿಯ ಮುದ್ರೆ ಇರಲಿಲ್ಲ, ಕುಷ್ಟಗಿಯದೇ ಇತ್ತು. ಊರು ಬಿಡುವ ಮೊದಲು ಗಾಡಿಯಲ್ಲೇ ಕೂತು ಒರೆಸಿ, ಚೀಟಿ ಬರೆದು, ಹೊಲಿದು, ನಮ್ಮೂರ ಪೋಸ್ಟಿನಲ್ಲೇ ಕೊಟ್ಟು ಹೋಗಿದ್ದರು. ಮಗಳಿಂದ ಎಷ್ಟು ಬೈಸಿಕೊಂಡಿರಬೇಕು! ಪೋಸ್ಟಿನವನು, "ಎದುರು ಮನಿಯವರು ಎದುರು ಮನಿಗೆ ಪೋಸ್ಟ್ ಮಾಡಿದ್ದು ನಾ ಇದ ಮೊದಲು ನೋಡಿದ್ದವ್ವಾ" ಎಂದು ನಗುತ್ತಾ ಕೊಟ್ಟ. ಟೇಪನ್ನು ಅವರು ನಮ್ಮ ಕಟ್ಟೆಯ ಮೇಲೆಯೇ ಬಿಟ್ಟು ಹೋಗಿದ್ದರು.

ಹಾಕಿ ಹಚ್ಚಿದೆ. ತೊಟ್ಟಿಲಲ್ಲಿ ಮಲಗಿದ್ದ ನನ್ನ ಮೊಮ್ಮಗಳು ಮೊದಲು ಕಣ್ಣು ತೆರೆದಳು. ಯಾರೋ ಅಳುತ್ತಿದ್ದಾರೆ, ತನ್ನನ್ನು ಬಿಟ್ಟು! ತುಟಿ ಉಬ್ಬಿಸಿ, ಕೈ ಬಿಗಿ ಮಾಡಿ, ಆ ಕೂಸಿಗಿಂತ ಜೋರಾಗಿ ಶುರು ಮಾಡಿದಳು. ಅದೂ ಅಳುತ್ತದೆ, ಇವಳೂ ಅಳುತ್ತಾಳೆ. ಮಗಳು ಓಡಿ ಬಂದು ತೊಟ್ಟಿಲು ತೂಗುತ್ತಾ ತನ್ನ ಎರಡು ಸಾಲು ಹಾಡತೊಡಗಿದಳು. ಟೇಪಿನಲ್ಲಿ ಅವಳು, ತೊಟ್ಟಿಲ ಹತ್ತಿರ ಇವಳು. ನಗುತ್ತಾ ನಗುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಆಗಲೇ ಸಾಹೇಬರ ಫೋನು.

"ಪಾರ್ಸಲ್ ಬಂತೇನ್ರಿ?" ಎಂದು ಕೇಳಿದವರು ಅಲ್ಲಿಗೇ ಸುಮ್ಮನಾದರು. ಅವರು ಕಿವಿ ಕೊಟ್ಟಿದ್ದಾರೆ ಎಂದು ನನಗೆ ಗೊತ್ತಾಯಿತು. ಫೋನನ್ನು ತೊಟ್ಟಿಲಿಗೂ ಟೇಪಿಗೂ ನಡುವೆ ಹಿಡಿದೆ.

ಆಮೇಲೆ ಅವರು ಕೇಳಿದರು: "ಅಕ್ಕಾರ, ನನಗ ತಿಳೀವಲ್ದು. ಎರಡು ಕೂಸು ಅಳಾಕ ಹತ್ಯಾವ. ಅದರಾಗ ನಿಮ್ಮದು ಯಾವುದು?"

"ಎರಡೂ ನಮ್ಮವ ಅಣ್ಣಾರ" ಎಂದೆ.

"ಹಂಗಾದ್ರ ಮನಿ ಮುಟ್ಟೈತಿ ಬಿಡ್ರಿ" ಎಂದರು.